ಗುರುತು ಸಿಗದ ಅಸ್ಥಿಗೆ ದೂರದ ನೆಂಟರ ಸುಳಿವು

ಪ್ರಶ್ನೆ: ಹತ್ತಾರು ವರ್ಷಗಳ ಹಿಂದೆ ಸಿಕ್ಕ ಅನಾಮಧೇಯ ಶವಗಳ ಗುರುತನ್ನು ಅಮೆರಿಕದಲ್ಲಿ ದೂರದ ಸಂಬಂಧಿಕರ ಡಿಎನ್‌ಎ ಮೂಲಕ ಪತ್ತೆಹಚ್ಚುತ್ತಿದ್ದಾರೆ ಎಂದು ಓದಿದೆ. ತಂದೆತಾಯಿಯ ಮಾದರಿಯೇ ಇಲ್ಲದಿರುವಾಗ ಇದು ಹೇಗೆ ಸಾಧ್ಯ? ನಮ್ಮಲ್ಲೂ ಮಾಡಬಹುದೆ?

ಉತ್ತರ: ಪೊಲೀಸರು ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆ ಡಿಎನ್‌ಎಯ ಇಪ್ಪತ್ತರ ಆಸುಪಾಸಿನ ತಾಣಗಳನ್ನಷ್ಟೇ ನೋಡುತ್ತದೆ. ಹೆತ್ತವರು, ಮಕ್ಕಳೊಂದಿಗೆ ಹೋಲಿಸಲು ಅದು ಸಾಕು. ದೂರದ ನೆಂಟಸ್ತಿಕೆಯನ್ನು ಅದು ಹೇಳಲಾರದು. ವಂಶಾವಳಿ ವಿಧಾನದಲ್ಲಿ ಎಸ್‌ಎನ್‌ಪಿ ಎಂಬ ಲಕ್ಷಾಂತರ ಸೂಕ್ಷ್ಮ ವ್ಯತ್ಯಾಸಗಳನ್ನು ಓದಿ, ಜನರು ತಾವಾಗಿಯೇ ತಮ್ಮ ಡಿಎನ್‌ಎ ಮಾಹಿತಿ ಸೇರಿಸಿರುವ ಜೆಡ್‌ಮ್ಯಾಚ್‌ನಂಥ, ಪೊಲೀಸರ ಹುಡುಕಾಟಕ್ಕೆ ತೆರೆದಿರುವ ಸಂಗ್ರಹಗಳಲ್ಲಿ ತಾಳೆ ನೋಡುತ್ತಾರೆ. ಇಬ್ಬರಲ್ಲೂ ಇರುವ ಸಮಾನ ತುಣುಕುಗಳ ಒಟ್ಟು ಉದ್ದವನ್ನು ಸೆಂಟಿಮಾರ್ಗನ್ ಲೆಕ್ಕದಲ್ಲಿ ಅಳೆಯುತ್ತಾರೆ: ಅಣ್ಣತಮ್ಮಂದಿರ ಮಕ್ಕಳ ನಡುವೆ ಅದು ಸರಾಸರಿ 850ರಷ್ಟಿದ್ದರೆ, ಅಜ್ಜನ ಅಜ್ಜ-ಅಜ್ಜಿ ಒಬ್ಬರೇ ಆಗಿರುವವರ ನಡುವೆ 75ರ ಹತ್ತಿರಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಪಾಲು ಇಲ್ಲಿಗೆ ಬಹುಮಟ್ಟಿಗೆ ಮುಗಿದು ಕಡತಗಳ ಕೆಲಸ ಶುರುವಾಗುತ್ತದೆ.

ಫಿಲಡೆಲ್ಫಿಯಾದ ಪ್ರಕರಣವನ್ನೇ ನೋಡಿ. 1957ರ ಫೆಬ್ರುವರಿಯಲ್ಲಿ ಅಲ್ಲಿನ ಫಾಕ್ಸ್ ಚೇಸ್ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಪುಟ್ಟ ಬಾಲಕನ ಶವ ಸಿಕ್ಕಿತ್ತು. 2019ರಲ್ಲಿ ಎರಡನೇ ಬಾರಿ ಹೊರತೆಗೆದ ಅಸ್ಥಿಯಲ್ಲಿನ ಡಿಎನ್‌ಎ ಎಷ್ಟು ಶಿಥಿಲವಾಗಿತ್ತೆಂದರೆ, ಹೋಲಿಕೆಗೆ ತಕ್ಕ ಮಾಹಿತಿ ಸಿದ್ಧವಾಗಲು ಸುಮಾರು ಎರಡೂವರೆ ವರ್ಷ ಹಿಡಿಯಿತು. ಮೊದಲು ತಾಯಿಯ ಕಡೆಯ ನೆಂಟರು ಸಿಕ್ಕರು. ಅವರ ಮೂಲಕ ತಾಯಿ ಯಾರೆಂದು ತಿಳಿದ ಮೇಲೆ ನ್ಯಾಯಾಲಯದ ಆದೇಶ ಪಡೆದು ಆಕೆಯ ಮಕ್ಕಳ ಜನನ ದಾಖಲೆಗಳನ್ನು ತೆರೆಸಲಾಯಿತು. ಅವುಗಳಲ್ಲೊಂದರಲ್ಲಿದ್ದ ತಂದೆಯ ಹೆಸರನ್ನು ಆ ಕಡೆಯ ನೆಂಟರ ಮೂಲಕವೂ ದೃಢಪಡಿಸಿಕೊಂಡು, 2022ರ ಡಿಸೆಂಬರ್‌ನಲ್ಲಿ ಬಾಲಕನ ಹೆಸರು ಜೋಸೆಫ್ ಆಗಸ್ಟಸ್ ಝರೆಲ್ಲಿ ಎಂದು ಪೊಲೀಸರು ಪ್ರಕಟಿಸಿದರು. ಜನನ ದಾಖಲೆ ಇಲ್ಲದಿದ್ದರೆ ಡಿಎನ್‌ಎ ಒಂದರಿಂದಲೇ ಈ ಹೆಸರು ಹೊರಡುತ್ತಿರಲಿಲ್ಲ.

ಇದನ್ನು ಇದ್ದಂತೆಯೇ ಕರ್ನಾಟಕಕ್ಕೆ ತರುವುದು ಕಷ್ಟ. ಆ ಸಂಗ್ರಹಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಜೊತೆಗೆ, ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವ ರೂಢಿ ತಲೆಮಾರುಗಳಿಂದ ನಡೆದು ಬಂದಿರುವ ಕುಟುಂಬಗಳಲ್ಲಿ ಇಬ್ಬರು ವ್ಯಕ್ತಿಗಳು ಎರಡು-ಮೂರು ದಾರಿಗಳಿಂದ ನೆಂಟರಾಗಿರುತ್ತಾರೆ. ಹಾಗಾಗಿ ದೂರದವರೂ ಲೆಕ್ಕದಲ್ಲಿ ಹತ್ತಿರದವರಂತೆ ಕಂಡು ತನಿಖೆ ದಾರಿ ತಪ್ಪಬಹುದು. ವಂಶಾವಳಿಗೇನೋ ನಮ್ಮಲ್ಲಿ ಬರವಿಲ್ಲ: ಪೌತಿ ಖಾತೆಗೆಂದು ಮಾಡಿಸಿದ ವಂಶವೃಕ್ಷಗಳಿವೆ, ಉತ್ತರ ಕರ್ನಾಟಕದಲ್ಲಿ ಮನೆತನಗಳ ತಲೆಮಾರುಗಳನ್ನು ಹೇಳುವ ಹೆಳವರಿದ್ದಾರೆ. ಆದರೆ ಡಿಎನ್‌ಎ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು.

ನನ್ನ ಅಭಿಪ್ರಾಯದಲ್ಲಿ, ನಾಪತ್ತೆಯಾದವರ ಹೆತ್ತವರ ಅಥವಾ ಮಕ್ಕಳ ಮಾದರಿಯನ್ನು ಅನಾಮಧೇಯ ಶವಗಳ ಮಾದರಿಯೊಡನೆ ನೇರವಾಗಿ ಹೋಲಿಸುವ ವ್ಯವಸ್ಥೆ ನಮ್ಮಲ್ಲಿ ಮೊದಲು ಬಲಗೊಳ್ಳಬೇಕು. ಅದಕ್ಕಾಗಿ ಅಂಥ ಪ್ರತಿಯೊಂದು ಶವದ ಅಂತ್ಯಸಂಸ್ಕಾರಕ್ಕೆ ಮುನ್ನ ಒಂದು ಹಲ್ಲನ್ನೋ ಮೂಳೆಯ ತುಂಡನ್ನೋ ತೆಗೆದು, ಪ್ರಕರಣದ ಸಂಖ್ಯೆಯೊಂದಿಗೆ ಕಾಪಿಡಬೇಕು.