ಹಾಟ್‌ಸಿಂಕ್ ಮಾಡಿದ ಮೇಲೆ ಪಾಮ್‌ನಲ್ಲೂ ಕಂಪ್ಯೂಟರಿನಲ್ಲೂ ವಿಳಾಸಗಳು ಕಾಣೆಯಾಗಿವೆ, ಮರಳಿ ಪಡೆಯಬಹುದೇ?

ನಿಮ್ಮ ತಂದೆಯವರ ಪಾಮ್ ಎಂ105 ಎಂಬ ಅಂಗೈಯಗಲದ ಡಿಜಿಟಲ್ ಡೈರಿಯ ಸೆಲ್‌ಗಳು ಪೂರ್ತಿ ಬರಿದಾಗಿದ್ದವು, ಹೊಸ ಸೆಲ್ ಹಾಕಿ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನೊಂದಿಗೆ ಹಾಟ್‌ಸಿಂಕ್ (ಎರಡೂ ಕಡೆಯ ಮಾಹಿತಿಯನ್ನು ಸರಿಹೊಂದಿಸುವ ಕೆಲಸ) ಮಾಡಿದ ಬಳಿಕ ಎರಡೂ ಕಡೆ ಅಡ್ರೆಸ್ ಬುಕ್ ಖಾಲಿಯಾಗಿ ಕಾಣುತ್ತಿದೆ ಎಂದು ಬರೆದಿದ್ದೀರಿ. ವಿಳಾಸಗಳು ಮರಳಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಮುಂದಿನ ಕೆಲಸಗಳು ಮುಗಿಯುವವರೆಗೆ ದಯವಿಟ್ಟು ಸಿಂಕ್ ಗುಂಡಿಯನ್ನು ಇನ್ನೊಮ್ಮೆ ಒತ್ತಬೇಡಿ.

ಆ ಕಾಲದ ಪಾಮ್ ಸಾಧನಗಳು ವಿಳಾಸಗಳನ್ನು ವಿದ್ಯುತ್ ಇರುವವರೆಗೆ ಮಾತ್ರ ಮಾಹಿತಿ ಉಳಿಸಿಕೊಳ್ಳುವ ಸ್ಮೃತಿಯಾದ ರ‍್ಯಾಮ್‌ನಲ್ಲಿಯೇ ಇರಿಸಿಕೊಳ್ಳುತ್ತಿದ್ದುದರಿಂದ, ಸೆಲ್ ಸತ್ತರೆ ಅವುಗಳ ಜೊತೆಗೆ ಬಳಕೆದಾರರ ಹೆಸರೂ ಅಳಿಸಿಹೋಗುತ್ತಿತ್ತು. ಹೀಗೆ ಹೆಸರು ಕಳೆದುಕೊಂಡ ಸಾಧನವನ್ನು ಜೋಡಿಸಿದಾಗ, ಇದು ಯಾರದೆಂದು ಹಾಟ್‌ಸಿಂಕ್ ಕೇಳುತ್ತದೆ. ಪಟ್ಟಿಯಲ್ಲಿರುವ ಹಳೆಯ ಹೆಸರನ್ನೇ ಆರಿಸಿದರೆ ಕಂಪ್ಯೂಟರಿನಲ್ಲಿದ್ದ ಮಾಹಿತಿಯೆಲ್ಲ ಸಾಧನಕ್ಕೆ ಹರಿದುಬರುತ್ತದೆ. ಹೊಸ ಹೆಸರನ್ನು ಬರೆದರೆ, ಅದು ಒಂದಕ್ಷರ ಬೇರೆಯಾದರೂ ಸರಿ, ಹೊಸದೊಂದು ಖಾಲಿ ಖಾತೆ ಹುಟ್ಟಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಆಗಿದ್ದರೆ ಏನೂ ಕಳೆದಿಲ್ಲ. ಕಂಪ್ಯೂಟರಿನಲ್ಲಿರುವ ಪಾಮ್ ತಂತ್ರಾಂಶವಾದ ಪಾಮ್ ಡೆಸ್ಕ್‌ಟಾಪ್‌ನ ಕಿಟಕಿಯಲ್ಲಿ ಬಳಕೆದಾರರ ಪಟ್ಟಿಯನ್ನು ತೆರೆದು, ತಂದೆಯವರ ಹಳೆಯ ಹೆಸರನ್ನು ಆರಿಸಿ, ವಿಳಾಸಗಳು ಅಲ್ಲಿವೆಯೇ ಎಂದು ಮೊದಲು ನೋಡಿ.

ಅಲ್ಲಿಯೂ ಖಾಲಿಯಿದ್ದರೆ, ಸಾಧನದ ಮಾಹಿತಿ ಕಂಪ್ಯೂಟರಿನದನ್ನು ಅಳಿಸಿ ಬರೆಯಲಿ ಎಂಬ ಆಯ್ಕೆ ಹಾಟ್‌ಸಿಂಕ್‌ನ ‘ಕಸ್ಟಮ್’ ವಿಭಾಗದಲ್ಲಿ ಉಳಿದುಕೊಂಡಿತ್ತು ಎಂದು ಶಂಕಿಸಬೇಕಾಗುತ್ತದೆ. ಸಾಮಾನ್ಯ ಸಿಂಕ್ ಹೀಗೆ ಅಳಿಸುವುದಿಲ್ಲ: ಅದು ಯಾವ ದಾಖಲೆ ಬದಲಾಗಿದೆ, ಯಾವುದನ್ನು ತೆಗೆಯಲಾಗಿದೆ ಎಂಬ ಗುರುತುಗಳನ್ನು ನೋಡಿ ಅಷ್ಟನ್ನೇ ಅತ್ತಿತ್ತ ಸಾಗಿಸುತ್ತದೆ, ಒಂದೇ ದಾಖಲೆ ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಲ್ಪಟ್ಟಿದ್ದರೆ ಎರಡನ್ನೂ ಉಳಿಸಿಕೊಳ್ಳುತ್ತದೆ. ಅಳಿಸಿ ಬರೆಯುವ ಆಯ್ಕೆಗೆ ಮಾತ್ರ ಈ ವಿವೇಚನೆ ಇಲ್ಲ; ಖಾಲಿ ಪುಸ್ತಕವನ್ನೂ ಅದು ನಿಷ್ಠೆಯಿಂದ ನಕಲು ಮಾಡುತ್ತದೆ.

ಈಗ ಟಾಸ್ಕ್‌ಬಾರಿನ ಮೂಲೆಯಲ್ಲಿರುವ ಹಾಟ್‌ಸಿಂಕ್ ಮ್ಯಾನೇಜರನ್ನೂ ಪಾಮ್ ಡೆಸ್ಕ್‌ಟಾಪನ್ನೂ ಮುಚ್ಚಿ, ತಂತ್ರಾಂಶವನ್ನು ಸ್ಥಾಪಿಸಿರುವ ‘ಪಾಮ್’ ಫೋಲ್ಡರಿಗೆ ಹೋಗಿ. ತಂದೆಯವರ ಹೆಸರಿನ ಮೊಟಕು ರೂಪವನ್ನು ಹೊತ್ತ ಫೋಲ್ಡರ್ ಅಲ್ಲಿರುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿದ ನಂತರವೇ ಮುಂದಿನ ಕೆಲಸಕ್ಕೆ ಕೈ ಹಾಕಿ. ಅದರೊಳಗಿನ ‘ಅಡ್ರೆಸ್’ ಫೋಲ್ಡರಿನಲ್ಲಿ ‘ಡ್ಯಾಟ್’ (.dat) ಎಂದು ಕೊನೆಗೊಳ್ಳುವ ಫೈಲು ಈಗಿನ ಪುಸ್ತಕ. ‘ಬ್ಯಾಕ್’ (.bak) ಎಂದು ಕೊನೆಗೊಳ್ಳುವುದು ಅದರ ಹಿಂದಿನ ಪ್ರತಿ. ಎರಡರ ಗಾತ್ರವನ್ನು ಹೋಲಿಸಿ ನೋಡಿ. ಹಿಂದಿನ ಪ್ರತಿ ಸಾಕಷ್ಟು ದೊಡ್ಡದಾಗಿದ್ದರೆ ವಿಳಾಸಗಳು ಅದರಲ್ಲಿವೆ ಎಂದೇ ಅರ್ಥ. ಗುಂಡಿ ಒತ್ತಬೇಡಿ ಎಂದದ್ದು ಇದೇ ಕಾರಣಕ್ಕೆ: ಈ ಪ್ರತಿ ಒಂದೇ ಹೆಜ್ಜೆ ಹಿಂದಿನದು, ಇನ್ನೊಂದು ಸಿಂಕ್ ಆದರೆ ಅದರ ಮೇಲೂ ಖಾಲಿ ಪುಸ್ತಕ ಬಂದು ಕೂರಬಹುದು.

ಖಾಲಿ ಫೈಲಿಗೆ ಬೇರೆ ಹೆಸರು ಕೊಟ್ಟು, ಹಿಂದಿನ ಪ್ರತಿಗೆ ಆ ಖಾಲಿ ಫೈಲಿನ ಮೂಲ ಹೆಸರನ್ನಿಟ್ಟು, ಪಾಮ್ ಡೆಸ್ಕ್‌ಟಾಪ್ ತೆರೆಯಿರಿ. ಹೆಸರುಗಳು ಕಂಡರೆ ಆ ಕ್ಷಣದಲ್ಲೇ ಅವನ್ನು ವಿಕಾರ್ಡ್ (ವಿಳಾಸಗಳನ್ನು ಹಂಚಿಕೊಳ್ಳುವ ಸಾಮಾನ್ಯ ಫೈಲ್ ನಮೂನೆ) ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅದನ್ನು ಇಂದಿನ ಬಹುತೇಕ ಮೊಬೈಲ್ ಫೋನುಗಳು ಓದಬಲ್ಲವು. ಪಾಮ್‌ನಲ್ಲಿಯೂ ಬೇಕೆಂದರೆ ‘ಕಸ್ಟಮ್’ನಲ್ಲಿ ಕಂಪ್ಯೂಟರಿನ ಮಾಹಿತಿ ಸಾಧನದ ಮೇಲೆ ಬರೆಯಲ್ಪಡುವಂತೆ ಬದಲಿಸಿ, ಆಮೇಲೆ ಸಿಂಕ್ ಮಾಡಿ. ನನ್ನ ಅಭಿಪ್ರಾಯದಲ್ಲಿ ಆ ಶ್ರಮ ಅನಗತ್ಯ.

ತಂದೆಯವರು ಬೆಂಗಳೂರಿನವರಾಗಿದ್ದು, ಪುಸ್ತಕದಲ್ಲಿ ಏಳು ಅಂಕೆಗಳ ಸ್ಥಿರ ದೂರವಾಣಿ ಸಂಖ್ಯೆಗಳಿದ್ದರೆ ಅವು ಹಾಳಾಗಿವೆ ಎಂದು ಗಾಬರಿಯಾಗಬೇಡಿ. ಅವು ಎಂಟು ಅಂಕೆಗಳಿಗೆ ಬದಲಾಗುವ ಮೊದಲು ಬರೆದವು. ಮುಂದೆ 2 ಸೇರಿಸಿ ಪ್ರಯತ್ನಿಸಿ.