ಟೊಮೆಟೊ ಬೆಳೆಯುವ ಮನೆಗೆ ಟರ್ಮ್ ಪಾಲಿಸಿಯೋ, ಮನಿಬ್ಯಾಕ್ ಪಾಲಿಸಿಯೋ?

ಕೋಲಾರದಲ್ಲಿ ಟೊಮೆಟೊ ಬೆಳೆಯುತ್ತೇನೆ, ಏಜೆಂಟ್ ಮನಿಬ್ಯಾಕ್ ಪಾಲಿಸಿ (ನಡುನಡುವೆ ಒಂದಿಷ್ಟು ದುಡ್ಡು ವಾಪಸ್ ಕೊಡುವ ಜೀವ ವಿಮೆ) ಮಾಡಿಸಿ ಅಂತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ನನ್ನ ಪ್ರಕಾರ ಮೊದಲು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ನೀವು ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆ. ಅವಧಿ ಮುಗಿದ ಮೇಲೆ ದುಡ್ಡು ವಾಪಸ್ ಬರುವುದಿಲ್ಲ, ನಿಜ. ಆದರೆ ಅಷ್ಟೇ ಕಂತಿಗೆ ಎಷ್ಟೋ ಪಟ್ಟು ಜಾಸ್ತಿ ಮೊತ್ತದ ವಿಮೆ ಸಿಗುತ್ತದೆ. ಎಷ್ಟಕ್ಕೆ ಮಾಡಿಸಬೇಕು? ಬೆಳೆ ಸಾಲ, ಬೋರ್‌ವೆಲ್ ಸಾಲ, ಮಕ್ಕಳ ಓದು, ಹತ್ತು ವರ್ಷದ ಮನೆ ಖರ್ಚು ಕೂಡಿಸಿ ನೋಡಿ. ಟೊಮೆಟೊಗೆ ಒಳ್ಳೆ ರೇಟು ಬಂದ ವರ್ಷ ನೋಡಿಕೊಂಡು ಕಂತು ಗೊತ್ತು ಮಾಡಬೇಡಿ. ರೇಟು ಬಿದ್ದಾಗಲೂ ಕಟ್ಟಬೇಕು, ಅಲ್ವಾ?

ಆಮೇಲೆ ಮನೆಯವರಿಗೆಲ್ಲ ಆರೋಗ್ಯ ವಿಮೆ. ಶುಗರ್, ಬಿಪಿ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಕ್ಲೇಮ್ ಕೈತಪ್ಪಬಹುದು.

ಸದ್ಯಕ್ಕೆ ಕೈ ಬಿಗಿಯೇ? ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಎಂಬ ಸರ್ಕಾರಿ ಜೀವ ವಿಮೆ ಇದೆ, 2 ಲಕ್ಷದ್ದು. ವಯಸ್ಸು 50 ದಾಟಿರಬಾರದು.