ಕೃಷಿ ಪಟ್ಟಿಗೆ ಓಟು ಹಾಕುವವರು ಯಾರು?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಮೇಲ್ಮನೆ ಬಗ್ಗೆ ಬರೆಯುತ್ತಾ, ಅಲ್ಲಿ ರೈತರು, ಕಾರ್ಮಿಕರು, ಕಲಾವಿದರು ತಮ್ಮ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಾರೆ ಎಂದಿದ್ದೀರಿ. ನನ್ನ ಮಗಳು ಡಬ್ಲಿನ್‌ನಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವ ಐರಿಷ್ ಹುಡುಗಿಯ ಅಪ್ಪ ರೈತರು. ಅವರು ಒಂದು ಸಲವೂ ಮೇಲ್ಮನೆಗೆ ಓಟು ಹಾಕಿಲ್ಲವಂತೆ. ಯಾರು ಸರಿ, ಅವರಾ ನೀವಾ? ನಮ್ಮ ವಿಧಾನ ಪರಿಷತ್ತಿನ ಹಾಗೆ ಅದೂ ಸೋತವರ ಪುನರ್ವಸತಿ ಕೇಂದ್ರವೇ? ಹಾಗಿದ್ದರೆ ಯಾಕೆ ಇಟ್ಟುಕೊಂಡಿದ್ದಾರೆ? ನನ್ನ ಮಗಳಿಗೆ ಅಲ್ಲಿ ಯಾವುದಾದರೂ ಓಟು ಇದೆಯಾ?’
— ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಮೇಷ್ಟ್ರೇ,

ಆ ರೈತರೇ ಸರಿ, ನಾವೇ ತಪ್ಪು. ತಪ್ಪು ಬರೆದವನು ನಾನೇ, ಹಾಗಾಗಿ ಬೇರೆ ಯಾರ ಮೇಲೂ ಹಾಕುವಂತಿಲ್ಲ. ಅಭ್ಯರ್ಥಿಗಳನ್ನು ಕೃಷಿ, ಕಾರ್ಮಿಕ ಅಂತ ಕಸುಬುವಾರು ಹಂಚಿದ ಪಟ್ಟಿಗಳ ಹೆಸರು ನೋಡಿದೆ, ಮತದಾರರು ಯಾರು ಅಂತ ನೋಡಲಿಲ್ಲ. ಅದರ ಮೇಲೆ ಮನೆಯ ಹೆಸರನ್ನೂ ‘ಸೀನಾಡ್’ ಎಂದು ಅಚ್ಚು ಹಾಕಿದ್ದೆವು. ಐರಿಷ್ ಭಾಷೆಯಲ್ಲಿ ಬರೆಯುವುದೇ ಒಂದು, ಓದುವುದೇ ಇನ್ನೊಂದು. ಹೆಚ್ಚುಕಮ್ಮಿ ‘ಶ್ಯಾನಡ್’ ಅನ್ನಬೇಕು. ಕೆಳಮನೆ ‘ಡಾಲ್’, ಪ್ರಧಾನಿ ‘ಟೀಶಕ್’. ಇನ್ನು ಮುಂದೆ ಹಾಗೇ ಬರೆಯುತ್ತೇವೆ.

ಶ್ಯಾನಡ್‌ನಲ್ಲಿ 60 ಜನ ಎಂದದ್ದು ಮಾತ್ರ ಸರಿ. 43 ಜನ ಐದು ಪಟ್ಟಿಗಳಿಂದ ಬರುತ್ತಾರೆ. 6 ಜನರನ್ನು ಪದವೀಧರರು ಆರಿಸುತ್ತಾರೆ. ಉಳಿದ 11 ಜನರನ್ನು ಟೀಶಕ್ ನಾಮಕರಣ ಮಾಡುತ್ತಾರೆ. ನಮ್ಮ ಪರಿಷತ್ತಿನಲ್ಲೂ 75ರಲ್ಲಿ ನಾಮಕರಣದವರು 11 ಜನ ಅಲ್ವಾ? ಕಾಕತಾಳೀಯ ಅಷ್ಟೇ, ಆದರೆ ಎಣಿಸುವಾಗ ನಗು ಬಂತು.

ಎಡವಿದ್ದು ಆ ಐದು ಪಟ್ಟಿಗಳ ಹತ್ತಿರ. ಕೃಷಿ ಪಟ್ಟಿಗೆ 11 ಸೀಟು, ಕಾರ್ಮಿಕ ಪಟ್ಟಿಗೆ 11, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ 9, ಆಡಳಿತಕ್ಕೆ 7, ಸಂಸ್ಕೃತಿ ಮತ್ತು ಶಿಕ್ಷಣಕ್ಕೆ 5. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಒಂದೊಂದು ಕಸುಬಿನವರೂ ಬಂದು ಕೂತು ಕಾನೂನನ್ನು ತಮ್ಮ ಅನುಭವದಲ್ಲಿ ಒರೆಗೆ ಹಚ್ಚುವ ಮನೆ. 1931ರಲ್ಲಿ ಪೋಪ್ 11ನೇ ಪಯಸ್ ಒಂದು ಪತ್ರ ಹೊರಡಿಸಿದ್ದರು. ಸಮಾಜವನ್ನು ವರ್ಗಗಳ ಜಗಳವಾಗಿ ನೋಡಬೇಡಿ, ಕಸುಬುಗಳ ಸಂಘಗಳಾಗಿ ಕಟ್ಟಿ ಅನ್ನುವುದು ಅದರಲ್ಲಿದ್ದ ಒಂದು ಮುಖ್ಯ ವಿಚಾರ. ಕ್ಯಾಥೋಲಿಕ್ ಐರ್ಲೆಂಡಿನಲ್ಲಿ ಅದಕ್ಕೆ ಭಾರಿ ತೂಕ ಇತ್ತು. 1937ರ ಸಂವಿಧಾನ ಬರೆಸಿದ ಏಮನ್ ಡಿ ವಲೇರಾ ಆ ಗಾಳಿಯಲ್ಲೇ ಈ ಪಟ್ಟಿಗಳನ್ನು ಮಾಡಿದರು.

ಅದಕ್ಕೆ ಮೊದಲೂ ಅಲ್ಲೊಂದು ಮೇಲ್ಮನೆ ಇತ್ತು, 1922ರಿಂದ. ಕವಿ ಯೇಟ್ಸ್ 1928ರವರೆಗೆ ಅದರ ಸದಸ್ಯರಾಗಿದ್ದರು. ತಮ್ಮ ಮಸೂದೆಗಳಿಗೆ ಅಡ್ಡಗಾಲು ಹಾಕುತ್ತದೆ ಎಂದು 1936ರಲ್ಲಿ ಅದನ್ನು ಮುಚ್ಚಿಸಿದವರೂ ಇದೇ ಡಿ ವಲೇರಾ. ಮುಂದಿನ ವರ್ಷವೇ ಹೊಸ ಸಂವಿಧಾನದಲ್ಲಿ ಹೊಸ ಮೇಲ್ಮನೆ ಬರೆಸಿದರು. ಈ ಸಲ ಅಡ್ಡಗಾಲು ಹಾಕುವಷ್ಟು ಕಾಲು ಕೊಡಲಿಲ್ಲ. ಕೆಳಮನೆ ಒಪ್ಪಿದ ಸಾಮಾನ್ಯ ಮಸೂದೆಯನ್ನು ಶ್ಯಾನಡ್ 90 ದಿನ ತಡೆಯಬಹುದು. ಹಣಕಾಸಿನ ಮಸೂದೆಯಾದರೆ 21 ದಿನದೊಳಗೆ ಸಲಹೆ ಕೊಟ್ಟು ಸುಮ್ನಿರಬೇಕು.

ಸರಿ, ಈ 43 ಜನಕ್ಕೆ ಓಟು ಹಾಕುವವರು ಯಾರು? ಹೊಸದಾಗಿ ಗೆದ್ದ ಡಾಲ್ ಸದಸ್ಯರು, ಹಿಂದಿನ ಶ್ಯಾನಡ್‌ನ ಸದಸ್ಯರು, ಮತ್ತು ದೇಶದ ಕೌಂಟಿ, ನಗರ ಕೌನ್ಸಿಲರ್‌ಗಳು, ಅಂದರೆ ಸ್ಥಳೀಯ ಸಂಸ್ಥೆಗಳ ಸದಸ್ಯರು. ಕೌನ್ಸಿಲರ್‌ಗಳೇ 949 ಜನ. ಡಾಲ್‌ನವರು 174, ಹಳೇ ಸೆನೆಟರ್‌ಗಳು 60. ಅಂದರೆ ಹತ್ತು ಓಟಿನಲ್ಲಿ ಸುಮಾರು ಎಂಟು ಕೌನ್ಸಿಲರ್‌ಗಳದ್ದು. ಇವರೆಲ್ಲ ಐದೂ ಪಟ್ಟಿಗೆ ಓಟು ಹಾಕುತ್ತಾರೆ, ಒಬ್ಬೊಬ್ಬರ ಕೈಗೆ ಐದು ಮತಪತ್ರ. ಕೃಷಿ ಪಟ್ಟಿಗೆ ರೈತ ಓಟು ಹಾಕುವ ಹಾಗಿಲ್ಲ, ಅವನು ಕೌನ್ಸಿಲರ್ ಆಗಿದ್ದರೆ ಮಾತ್ರ. ನಿಮ್ಮ ಮಗಳ ಗೆಳತಿಯ ಅಪ್ಪ ಹೇಳಿದ್ದು ಇದನ್ನೇ.

ನೀವು ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿದವರು, ಈ ವ್ಯತ್ಯಾಸ ನಿಮಗೆ ಥಟ್ಟನೆ ಗೊತ್ತಾಗುತ್ತದೆ. ನಮ್ಮಲ್ಲಿ ಶಿಕ್ಷಕರ ಕ್ಷೇತ್ರಕ್ಕೆ ಶಿಕ್ಷಕರೇ ಮತದಾರರು, ಅಭ್ಯರ್ಥಿ ಶಿಕ್ಷಕನೇ ಆಗಿರಬೇಕೆಂದಿಲ್ಲ. ಅಲ್ಲಿ ಉಲ್ಟಾ. ಅಭ್ಯರ್ಥಿಗೆ ಆ ಕ್ಷೇತ್ರದ ತಿಳಿವಳಿಕೆ, ಅನುಭವ ಇರಬೇಕು, ಮತದಾರನಿಗೆ ಬೇಕಿಲ್ಲ. ಸ್ಪರ್ಧಿಸುವುದಕ್ಕೆ ಎರಡು ದಾರಿ. ಸಂಸತ್ತಿನ ನಾಲ್ಕು ಸದಸ್ಯರು ಸೂಚಿಸಬೇಕು, ಇಲ್ಲವೇ ಆ ಪಟ್ಟಿಗೆ ನೋಂದಾಯಿಸಿಕೊಂಡ ಸಂಸ್ಥೆಯೊಂದು ಸೂಚಿಸಬೇಕು. ಕಾರ್ಮಿಕ ಪಟ್ಟಿಗೆ ಕಾರ್ಮಿಕ ಸಂಘಗಳ ಒಕ್ಕೂಟ ಹೆಸರು ಕೊಡಬಹುದು, ಹೀಗೆ. ಎರಡೂ ದಾರಿಯಿಂದ ಕನಿಷ್ಠ ಇಷ್ಟಿಷ್ಟು ಜನ ಗೆಲ್ಲಲೇಬೇಕು ಅನ್ನುವ ನಿಯಮವೂ ಇದೆ. ಆದರೆ ಸಂಘ ಸೂಚಿಸಿದ ಅಭ್ಯರ್ಥಿಗೂ ಓಟು ಬೇಕಲ್ಲ? ಓಟು ಇರುವುದು ಪಕ್ಷದ ಕೌನ್ಸಿಲರ್‌ಗಳ ಹತ್ತಿರ. ಹಾಗಾಗಿ ಸಂಘದ ಬಾಗಿಲಿಂದ ಒಳಗೆ ಬರುವವರಲ್ಲೂ ಜಾಸ್ತಿ ಜನ ಪಕ್ಷದವರೇ.

ಪ್ರಚಾರ ನೋಡಬೇಕು ನೀವು. ಗೋಡೆಬರಹ ಇಲ್ಲ, ಮೈಕು ಇಲ್ಲ, ಬೀದಿಯಲ್ಲಿ ಒಂದು ನರಪಿಳ್ಳೆಗೂ ಚುನಾವಣೆ ನಡೆಯುತ್ತಿದೆ ಅನ್ನಿಸುವುದಿಲ್ಲ. ಅಭ್ಯರ್ಥಿ ಕಾರು ಹತ್ತಿ ಡೊನೆಗಲ್‌ನಿಂದ ಕೆರಿವರೆಗೆ ಕೌನ್ಸಿಲರ್‌ಗಳ ಮನೆ ಸುತ್ತುತ್ತಾನೆ. ಅಡುಗೆಮನೆಯ ಮೇಜಿಗೆ ಕೂತು ಚಹಾ ಕುಡಿದು ಮೊದಲ ಪ್ರಾಶಸ್ತ್ಯ ಕೇಳುತ್ತಾನೆ. ‘ಮೊದಲನೆಯದು ಬೇರೆಯವರಿಗೆ ಮಾತು ಕೊಟ್ಟಾಗಿದೆ’ ಎಂದರೆ ಎರಡನೆಯದು ಕೇಳುತ್ತಾನೆ. ನಮ್ಮ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರ ಮನೆ ಬಾಗಿಲು ಕಾಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಮತಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತದೆ, ಹೋಗುತ್ತದೆ.

ಎಣಿಕೆಯಲ್ಲಿ ಒಂದು ಚಂದದ ಲೆಕ್ಕ ಇದೆ. ನಮ್ಮಲ್ಲಿ ಅದರ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ, ಅದಕ್ಕೇ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೇನೆ. ಮತದಾರರು ಕಡಿಮೆ, ಆದರೆ ಗೆದ್ದವರ ಹೆಚ್ಚುವರಿ ಮತಗಳು ಪ್ರಾಶಸ್ತ್ಯದ ಪ್ರಕಾರ ಬೇರೆಯವರಿಗೆ ಹರಿದು ಹೋಗಬೇಕು. ಹರಿಯುವಾಗ ಓಟು ಚೂರುಚೂರಾಗುತ್ತದೆ. ಆ ಚೂರುಗಳು ಕಳೆದುಹೋಗಬಾರದು ಎಂದು ಪ್ರತಿ ಓಟಿಗೂ 1000 ಬೆಲೆ ಕಟ್ಟುತ್ತಾರೆ. ಉದಾಹರಣೆಗೆ, ಸಂಸ್ಕೃತಿ ಮತ್ತು ಶಿಕ್ಷಣ ಪಟ್ಟಿಗೆ 1,080 ಓಟು ಬಿತ್ತು ಅನ್ನಿ. ಒಟ್ಟು ಬೆಲೆ 10,80,000. ಐದು ಸೀಟು, ಒಂದು ಕೂಡಿಸಿ ಆರರಿಂದ ಭಾಗಿಸಿ, ಬಂದದ್ದಕ್ಕೆ ಇನ್ನೊಂದು ಸೇರಿಸಿ. ಕೋಟಾ 1,80,001. ಅಂದರೆ 181 ಜನ ಮೊದಲ ಪ್ರಾಶಸ್ತ್ಯ ಕೊಟ್ಟರೆ ಸೀಟು ಗ್ಯಾರಂಟಿ. 200 ಜನ ಕೊಟ್ಟರೆ 19,999 ಉಳಿಯುತ್ತದೆ, ಅದು ಮುಂದಿನವರಿಗೆ. ಒಂದು ದೊಡ್ಡ ಮದುವೆಮನೆಯ ಎರಡು ಪಂಕ್ತಿಯಷ್ಟು ಜನ ಸೇರಿದರೆ ಒಬ್ಬ ಸೆನೆಟರ್!

ಹಾಗಾದರೆ ಪುನರ್ವಸತಿ ಕೇಂದ್ರವಾ? ಅರ್ಧ ಹೌದು. ಡಾಲ್ ವಿಸರ್ಜನೆಯಾದ 90 ದಿನದೊಳಗೆ ಶ್ಯಾನಡ್ ಚುನಾವಣೆ ಆಗಬೇಕು. ಕೆಳಮನೆಯಲ್ಲಿ ಸೋತವರು ಅಲ್ಲೇ ಪಕ್ಕದ ಸಾಲಿನಲ್ಲಿ ನಿಲ್ಲುವುದು ಮಾಮೂಲು. ಮುಂದಿನ ಸಲ ಡಾಲ್‌ಗೆ ಹೋಗಬೇಕೆಂದಿರುವ ಹೊಸಬರಿಗೂ ಅದೇ ಏಣಿ. 2024ರ ನವೆಂಬರ್ ಕೊನೆಗೆ ಡಾಲ್ ಚುನಾವಣೆ ಆಗಿ, 2025ರ ಜನವರಿ ಕೊನೆಗೆ ಶ್ಯಾನಡ್ ಎಣಿಕೆ ನಡೆದಾಗಲೂ ಇದೇ ಕಥೆ.

ಇನ್ನರ್ಧ ನೋಡಬೇಕಾದರೆ ಪದವೀಧರರ ಆರು ಸೀಟಿಗೆ ಬರಬೇಕು. ಮೂರು ನ್ಯಾಷನಲ್ ಯೂನಿವರ್ಸಿಟಿಗೆ, ಮೂರು ಟ್ರಿನಿಟಿ ಕಾಲೇಜಿಗೆ. ಮೇರಿ ರಾಬಿನ್ಸನ್ 1969ರಲ್ಲಿ ಟ್ರಿನಿಟಿಯಿಂದ ಗೆದ್ದಾಗ ವಯಸ್ಸು 25. ನಮ್ಮ ಪರಿಷತ್ತಿಗಾದರೆ 30 ತುಂಬಿರಬೇಕು, ನಾಮಪತ್ರವೇ ತಿರಸ್ಕೃತ. ಗರ್ಭನಿರೋಧಕ ಮಾರುವುದೇ ಅಪರಾಧವಾಗಿದ್ದ ದೇಶದಲ್ಲಿ ಆ ಕಾನೂನು ಬದಲಾಗಬೇಕೆಂದು ಮಸೂದೆ ಹಿಡಿದು ಹೋದವರು ಅವರು. ಪಕ್ಷದ ಟಿಕೆಟ್ ನೆಚ್ಚಿಕೊಂಡವರು ಆಗ ಅದನ್ನು ಮುಟ್ಟುತ್ತಿರಲಿಲ್ಲ. 1990ರಲ್ಲಿ ದೇಶದ ಅಧ್ಯಕ್ಷರಾದರು. ಡೇವಿಡ್ ನಾರಿಸ್ ಅದೇ ಕ್ಷೇತ್ರದಿಂದ 1987ರಲ್ಲಿ ಬಂದು 2024ರವರೆಗೆ ಕೂತಿದ್ದರು. ಸಲಿಂಗ ಸಂಬಂಧ ಅಪರಾಧ ಅನ್ನುವ ಕಾನೂನಿನ ವಿರುದ್ಧ ಯುರೋಪಿನ ಮಾನವ ಹಕ್ಕು ಕೋರ್ಟಿನವರೆಗೆ ಹೋಗಿ 1988ರಲ್ಲಿ ಗೆದ್ದವರು. ಇವರಿಬ್ಬರನ್ನು ಕೌನ್ಸಿಲರ್‌ಗಳು ಆರಿಸುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ಆದರೆ ಆ ಆರು ಸೀಟಿನಲ್ಲೂ ಅನ್ಯಾಯ ಇತ್ತು. ಲಿಮರಿಕ್ ಅಥವಾ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಪದವೀಧರರಿಗೆ ಓಟೇ ಇರಲಿಲ್ಲ. ಬೇರೆ ಸಂಸ್ಥೆಗಳಿಗೂ ಓಟು ಕೊಡಬಹುದು ಎಂದು 1979ರಲ್ಲಿ ಜನಮತ ತೆಗೆದುಕೊಂಡು ಸಂವಿಧಾನವನ್ನೇ ತಿದ್ದಿದರು. ಆಮೇಲೆ? ಕಾನೂನು ಮಾಡಲು ಯಾರಿಗೂ ಪುರುಸೊತ್ತಾಗಲಿಲ್ಲ. ನಲವತ್ತು ವರ್ಷ ದಾಟಿತು. ಕೊನೆಗೆ ಲಿಮರಿಕ್‌ನ ಪದವೀಧರನೊಬ್ಬ ಕೋರ್ಟಿಗೆ ಹೋದ. 2023ರಲ್ಲಿ ಸುಪ್ರೀಂ ಕೋರ್ಟ್ ಹಳೇ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದಿತು, 2024ರಲ್ಲಿ ಹೊಸ ಕಾನೂನು ಬಂತು. ಕಳೆದ ಚುನಾವಣೆ ಹಳೇ ಪದ್ಧತಿಯಲ್ಲೇ ನಡೆದುಹೋಯಿತು. ಮುಂದಿನ ಸಲದಿಂದ ಆರೂ ಸೀಟು ಒಂದೇ ಉನ್ನತ ಶಿಕ್ಷಣ ಕ್ಷೇತ್ರ.

ಟೀಶಕ್ ನಾಮಕರಣ ಮಾಡುವ 11 ಜನರ ಬಗ್ಗೆ ಒಂದು ಮಾತು. ರಾಜ್ಯಸಭೆಗೆ 12 ಜನರನ್ನು ನಾಮಕರಣ ಮಾಡುವ ಪದ್ಧತಿಯನ್ನು ನಾವು ಐರ್ಲೆಂಡಿನಿಂದ ತಂದದ್ದು ಎಂದು ನೀವೂ ತರಗತಿಯಲ್ಲಿ ಪಾಠ ಮಾಡಿರುತ್ತೀರಿ. ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, 1947ರ ಕೊನೆಯಲ್ಲಿ ಡಬ್ಲಿನ್‌ಗೆ ಹೋಗಿ ಡಿ ವಲೇರಾ ಅವರನ್ನು ಕಂಡು ಬಂದಿದ್ದರು. ತರುವಾಗ ನಾವು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆ ಅನ್ನುವ ಷರತ್ತು ಸೇರಿಸಿಕೊಂಡೆವು. ಅಲ್ಲಿ ಷರತ್ತೇ ಇಲ್ಲ, ಆ ಮನುಷ್ಯ ಒಪ್ಪಿದರೆ ಆಯ್ತು. ಇದರ ಅಸಲು ಕೆಲಸ ಸರ್ಕಾರಕ್ಕೆ ಬಹುಮತ ಒದಗಿಸುವುದು. 1994ರ ಡಿಸೆಂಬರ್‌ನಲ್ಲಿ ಚುನಾವಣೆ ಇಲ್ಲದೆ ಸರ್ಕಾರ ಬದಲಾಯಿತು. ಹಿಂದಿನ ಟೀಶಕ್‌ನ 11 ಜನ ಹಾಗೇ ಕೂತಿದ್ದರು, ಹೊಸ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತವೇ ಸಿಗಲಿಲ್ಲ.

2020ರಲ್ಲಂತೂ ಇನ್ನೂ ವಿಚಿತ್ರ. ಫೆಬ್ರುವರಿಯಲ್ಲಿ ಡಾಲ್ ಚುನಾವಣೆ ಆಗಿ ಯಾರಿಗೂ ಬಹುಮತ ಬರಲಿಲ್ಲ. 49 ಸೆನೆಟರ್‌ಗಳು ಗೆದ್ದು ಬಂದರು, ಆದರೆ 11 ಜನರನ್ನು ಹೆಸರಿಸಬೇಕಾದ ಹೊಸ ಟೀಶಕ್ ಇಲ್ಲ. ಕೆಲವು ಸೆನೆಟರ್‌ಗಳು ಹೈಕೋರ್ಟಿಗೆ ಹೋದರು. 60 ಪೂರ್ತಿಯಾಗದೆ ಶ್ಯಾನಡ್ ಕಾನೂನು ಮಾಡುವ ಹಾಗಿಲ್ಲ ಎಂದಿತು ಕೋರ್ಟು. ಕೋವಿಡ್ ಕಾಲ, ದೇಶಕ್ಕೆ ಕಾನೂನು ಬೇಕು, ಗೆದ್ದವರು ಸುಮ್ನೆ ಮನೆಯಲ್ಲಿ. ಜೂನ್ ಕೊನೆಗೆ ಮೀಹಾಲ್ ಮಾರ್ಟಿನ್ ಟೀಶಕ್ ಆಗಿ 11 ಹೆಸರು ಕೊಟ್ಟ ಮೇಲೆ ಬೀಗ ತೆಗೆಯಿತು. ಆ ಹನ್ನೊಂದರಲ್ಲಿ ಒಬ್ಬರು ಐಲೀನ್ ಫ್ಲಿನ್. ಟ್ರಾವೆಲರ್ ಅನ್ನುವ ಅಲೆಮಾರಿ ಸಮುದಾಯದಿಂದ ಐರಿಷ್ ಸಂಸತ್ತಿಗೆ ಬಂದ ಮೊದಲ ಮಹಿಳೆ. ಅದಕ್ಕೂ ಹಿಂದೆ, 1993ರಲ್ಲಿ, ಗಾರ್ಡನ್ ವಿಲ್ಸನ್ ಅವರನ್ನು ಹೀಗೇ ಕರೆದು ಕೂರಿಸಿದ್ದರು. 1987ರ ಎನಿಸ್ಕಿಲೆನ್ ಬಾಂಬ್ ಸ್ಫೋಟದಲ್ಲಿ ಕಲ್ಲುಮಣ್ಣಿನ ರಾಶಿಯಡಿ ಮಗಳ ಕೈ ಹಿಡಿದುಕೊಂಡಿದ್ದು, ಆಮೇಲೆ ಆಸ್ಪತ್ರೆಯಲ್ಲಿ ಅವಳನ್ನು ಕಳೆದುಕೊಂಡ ಬಟ್ಟೆ ವ್ಯಾಪಾರಿ. ನನಗೆ ಸೇಡು ಬೇಡ ಎಂದವರು. ಅವರ ಊರು ಗಡಿಯಾಚೆ, ಉತ್ತರ ಐರ್ಲೆಂಡಿನಲ್ಲಿ. ಯಾವ ಚುನಾವಣೆಯೂ ಅವರನ್ನು ಡಬ್ಲಿನ್‌ಗೆ ತರುತ್ತಿರಲಿಲ್ಲ. ಬಹುಮತದ ಲೆಕ್ಕಕ್ಕೆಂದು ಇಟ್ಟ ಬಾಗಿಲಿನಲ್ಲಿ ಇಂಥವರೂ ಬಂದುಬಿಡುತ್ತಾರೆ ನೋಡಿ.

ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಿದ್ದೀರಿ. ಟೀಶಕ್ ಎಂಡಾ ಕೆನಿ ಇದೇ ಪ್ರಶ್ನೆಯನ್ನು ನೇರ ಜನರಿಗೇ ಹಾಕಿದರು, 2013ರ ಅಕ್ಟೋಬರ್ 4ರಂದು. ರಾಜಕಾರಣಿಗಳು ಕಡಿಮೆಯಾಗುತ್ತಾರೆ, ವರ್ಷಕ್ಕೆ 2 ಕೋಟಿ ಯೂರೋ ಉಳಿಯುತ್ತದೆ ಅನ್ನುವುದು ಅವರ ವಾದ. ಆರ್ಥಿಕ ಕುಸಿತದ ಕಾಲ, ಗೆದ್ದೇ ಗೆಲ್ಲುತ್ತೇವೆ ಅಂದುಕೊಂಡಿದ್ದರು. ಜನ ‘ಮುಚ್ಚುವುದು ಬೇಡ’ ಎಂದರು, 51.7 ಶೇಕಡಾ. ಓಟು ಹಾಕಲು ಬಂದವರು ಶೇಕಡಾ 40ಕ್ಕಿಂತ ಕಡಿಮೆ. ಹಾಗೆಂದು ಶ್ಯಾನಡ್ ಮೇಲೆ ಪ್ರೀತಿ ಉಕ್ಕಿತ್ತು ಎಂದು ನಾನು ಹೇಳಲಾರೆ. ‘ಮುಚ್ಚಬೇಡಿ, ರಿಪೇರಿ ಮಾಡಿ’ ಅನ್ನುವುದು ವಿರೋಧಿಸಿದ ಬಹಳ ಜನರ ಮಾತಾಗಿತ್ತು. ಮತಪತ್ರದಲ್ಲಿ ರಿಪೇರಿಗೆ ಜಾಗವೇ ಇರಲಿಲ್ಲ, ಇದ್ದದ್ದು ‘ಮುಚ್ಚಿ’, ‘ಮುಚ್ಚಬೇಡಿ’ ಎರಡೇ. ಆಮೇಲೆ ರಿಪೇರಿ ಬಗ್ಗೆ ವರದಿಗಳು ಬಂದವು, ಸಮಿತಿ ಕೂತಿತು. ಪದವೀಧರ ಸೀಟು ಬಿಟ್ಟರೆ ಉಳಿದದ್ದು ಹಾಗೇ ಇದೆ. ಆ 43 ಸೀಟನ್ನು ಬದಲಾಯಿಸಬೇಕಾದವರ ಕೈಯಲ್ಲೇ ಅದರ ಓಟೂ ಇದೆ. ಯಾರು ತಾನೇ ಬಿಟ್ಟುಕೊಡುತ್ತಾರೆ, ಹೇಳಿ?

ಇನ್ನು ನಿಮ್ಮ ಮಗಳ ವಿಷಯ. ಭಾರತದ ಪೌರತ್ವ ಇರುವವರೆಗೆ ಅವಳಿಗೆ ಡಾಲ್‌ಗೆ ಓಟಿಲ್ಲ. ಪದವೀಧರರ ಸೀಟಿಗೂ ಇಲ್ಲ, ಅದಕ್ಕೆ ಐರಿಷ್ ಪೌರತ್ವ ಬೇಕು. ಆದರೆ ಕೌನ್ಸಿಲ್ ಚುನಾವಣೆಗೆ ಇದೆ! ಐರ್ಲೆಂಡಿನಲ್ಲಿ ವಾಸವಿರುವ, 18 ತುಂಬಿದ ಯಾರು ಬೇಕಾದರೂ, ಯಾವ ದೇಶದವರಾದರೂ ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು. ಅವಳು ಆರಿಸಿದ ಕೌನ್ಸಿಲರ್ ಮುಂದೆ ಶ್ಯಾನಡ್‌ಗೆ ಐದು ಮತಪತ್ರ ತುಂಬುತ್ತಾನೆ. ಆ ಲೆಕ್ಕದಲ್ಲಿ ಅವಳಿಗೂ ಗೆಳತಿಯ ಅಪ್ಪನಿಗೂ ಮೇಲ್ಮನೆಯಲ್ಲಿ ಸಮಾನ ಪಾಲು. ಕಳೆದ ಕೌನ್ಸಿಲ್ ಚುನಾವಣೆ ಆದದ್ದು 2024ರ ಜೂನ್‌ನಲ್ಲಿ, ಐದು ವರ್ಷಕ್ಕೊಮ್ಮೆ ಬರುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದಾಳಾ ಅಂತ ಈ ಭಾನುವಾರ ಫೋನ್ ಮಾಡಿದಾಗ ಕೇಳಿ.

— ಸಂ.